ಅಪ್ಪನಿಗೆ ಹೇಳಿದ್ದ ರೈಲು

ಆ ಕಿಟಕಿ ಸ್ವಲ್ಪ ಮುಚ್ಚಿಬಿಡಿ. ಗಾಳಿಗಲ್ಲ... ಈ ಸಂಗತಿ ಹೇಳುವಾಗ ಹೊರಗೆ ಯಾರಾದರೂ ಬ್ಯಾಗಿನ ಜಿಪ್ ಎಳೆದರೆ ನನಗೆ ಮುಂದಕ್ಕೆ ಮಾತೇ ಹೊರಡುವುದಿಲ್ಲ. ಯಾಕೆ ಅನ್ನುವುದು ನಿಮಗೇ ತಿಳಿಯುತ್ತದೆ, ತಡೆಯಿರಿ.

ಇದು ನಮ್ಮ ಮೇಲಿನ ಮನೆಯ ಸುಭದ್ರಾಗೆ ಆದದ್ದು. ಅಮೀರ್‌ಪೇಟ್‌ನ ಕೋಚಿಂಗ್ ಸೆಂಟರೊಂದರಲ್ಲಿ ಗಣಿತ ಹೇಳಿಕೊಡುವ ಹುಡುಗಿ. ಹುಡುಗಿ ಅಂದೆ, ವಯಸ್ಸು ನಲವತ್ತರ ಹತ್ತಿರ. ದೆವ್ವ ಅಂದರೆ ನಗುತ್ತಿದ್ದಳು. ದೇವರ ಮೇಲೂ ಅಷ್ಟಕ್ಕಷ್ಟೇ.

ಅವತ್ತು ಕೊನೇ ಬ್ಯಾಚ್ ಮುಗಿಸಿ, ಬೇಗಂಪೇಟೆಯಲ್ಲಿ ಮೆಟ್ರೋ ಇಳಿದು ನಡೆದು ಬರುತ್ತಿದ್ದಳು. ನಮ್ಮ ಗಲ್ಲಿಯ ತಿರುವಿನಲ್ಲಿ ಆಲದ ಮರ ಇದೆಯಲ್ಲ, ಅದರ ಬುಡದ ಇಸ್ತ್ರಿ ಬಂಡಿಯವನು ಬಂಡಿಗೆ ತಾಡಪಾಲು ಹೊದಿಸಿ ಮನೆಗೆ ಹೋಗಿದ್ದ. ಬೀದಿ ದೀಪವೇನೋ ಉರಿಯುತ್ತಿತ್ತು. ಆದರೆ ಆಲದ ಕೆಳಗೆ ಬೆಳಕು ಬೀಳುವುದಿಲ್ಲ...

ಜರ್ರ್...

ನಿಂತಳು.

ಜಿಪ್ ತೆಗೆದ ಸದ್ದು. ಆಮೇಲೆ ಕಾಗದ ಸರಸರ ಅಂದ ಹಾಗೆ. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಮತ್ತೆ ಜರ್ರ್... ಈಗ ಮುಚ್ಚುವ ಸದ್ದು. ಮುಚ್ಚುವಾಗ ನಡುವೆ ಒಂದು ಹಲ್ಲಿಗೆ ಸಿಕ್ಕಿ, ಟಕ್ ಅಂತ ದಾಟಿ, ಮುಂದೆ ಹೋಯಿತು.

ಆ ಟಕ್ ಅವಳಿಗೆ ಚಿಕ್ಕಂದಿನಿಂದ ಗೊತ್ತು.

"ಯಾರದು?" ಅಂದಳು, ಮೆಲ್ಲಗೆ.

ಯಾರೂ ಇಲ್ಲ. ಮೊಬೈಲಿನ ಟಾರ್ಚ್ ಹಾಕಿ ನೋಡಿದಳು. ಬಿಳಲುಗಳು. ಬಿಳಲುಗಳ ನಡುವೆ, ಕೆಳಗಿನ ಕೊಂಬೆಗೆ ಕಟ್ಟಿದ ಒಂದು ತುಂಡು ಹಗ್ಗ.

ಆ ಹಗ್ಗದ ಕತೆ ಹೇಳಬೇಕು. ಒಂದು ತಿಂಗಳ ಹಿಂದೆ ಅವಳ ಅಪ್ಪ ವೆಂಕೋಬಪ್ಪನವರು ತೀರಿಕೊಂಡಿದ್ದರು. ಅಸ್ಥಿಯ ಮಡಕೆಯನ್ನು ಮನೆಯೊಳಗೆ ತರಬಾರದಲ್ಲ, ಬಟ್ಟೆಯಲ್ಲಿ ಸುತ್ತಿ ಆ ಕೊಂಬೆಗೇ ತೂಗುಹಾಕಿದ್ದರು. ಮಗ ಅರವಿಂದ್ ಅದನ್ನು ಬಿಚ್ಚಿಕೊಂಡು ಗೋಕರ್ಣಕ್ಕೆ ಹೋಗಿ, ಸಮುದ್ರಕ್ಕೆ ಬಿಟ್ಟು ಬಂದಿದ್ದ. ಹಗ್ಗ ಬಿಚ್ಚಲು ಯಾರಿಗೂ ನೆನಪಾಗಲಿಲ್ಲ, ಅಲ್ಲೇ ಉಳಿಯಿತು.

ಗೋಕರ್ಣವೇ ಯಾಕೆ ಅಂದರೆ, ವೆಂಕೋಬಪ್ಪನವರಿಗೆ ಜನ್ಮದಲ್ಲಿ ಇದ್ದದ್ದು ಅದೊಂದೇ ಆಸೆ. ಗಂಗಾವತಿ ಕಡೆಯವರು, ಇಲ್ಲಿಯ ರಕ್ಷಣಾ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ಇಲ್ಲೇ ನಿವೃತ್ತರಾದವರು. ಸಮುದ್ರ ನೋಡಿರಲಿಲ್ಲ. ಗೋಕರ್ಣಕ್ಕೆ ಹೋಗಬೇಕು, ಸಮುದ್ರ ನೋಡಬೇಕು. ಶಿವನನ್ನೂ ನೋಡುತ್ತಿದ್ದರು ಅನ್ನಿ, ಆದರೆ ಮೊದಲು ಸಮುದ್ರ. ಹೋಗದೇ ಇದ್ದದ್ದು ರೊಕ್ಕ ಇಲ್ಲದೆ ಅಲ್ಲ, ರಜೆ ಸಿಗದೆ ಅಲ್ಲ. ಯಾವುದರಲ್ಲಿ ಹೋಗುವುದು ಅಂತ ತೀರ್ಮಾನವೇ ಆಗಲಿಲ್ಲ, ಪುಣ್ಯಾತ್ಮನಿಗೆ!

"ಸ್ಲೀಪರ್ ಬಸ್ಸಂದ್ರ ಕಪಾಟಿನ ಖಾನೆದಾಗ ಮಲಗಿಸಿದಂಗ ಮಲಗಸ್ತಾರ್ರಿ," ಅನ್ನುತ್ತಿದ್ದರು ನನ್ನ ಹತ್ತಿರ. "ವಿಮಾನ ಗೋವಾದಾಗ ಕೆಡವಿ ಹೋಗತೈತಿ. ಹತ್ತಿದ್ದೂ ಗೊತ್ತಾಗಂಗಿಲ್ಲ, ಇಳಿದದ್ದೂ ಗೊತ್ತಾಗಂಗಿಲ್ಲ, ಅದೇನು ಪ್ರಯಾಣ? ರೈಲು ಛಲೋ. ಆದರ ಮಡಗಾಂವದಾಗ ಇಳಿದು ಇನ್ನೊಂದು ಹಿಡೀಬೇಕು. ಅದು ತಪ್ಪಿದರ?"

ಪ್ರತಿ ಬೇಸಿಗೆಗೂ ಇದೇ ರಾಮಾಯಣ. ಒಂದೆರಡು ಸಲ ಟಿಕೆಟ್ಟೂ ತೆಗೆಸಿ, ರೆಕ್ಸಿನ್ ಬ್ಯಾಗ್ ತುಂಬಿಸಿ ಕೂತಿದ್ದೂ ಉಂಟು. ಕೂತಲ್ಲೇ ಜಿಪ್ ತೆಗೆದು ಟಿಕೆಟ್ ನೋಡುವುದು, ಮುಚ್ಚುವುದು. ತೆಗೆಯುವುದು, ಮುಚ್ಚುವುದು. ಹೊರಡುವ ಹೊತ್ತಿಗೆ ಏನೋ ಒಂದು ಸಂಶಯ ಬಂದು ರದ್ದು. ಇನ್ನೊಂದು ಗುಣ ಇತ್ತು. ಮೊದಲೇ ಹೇಳಿಡದೆ ಕರೆದರೆ ಪಕ್ಕದ ಬೀದಿಗೂ ಬರುವ ಆಸಾಮಿಯಲ್ಲ. ಹೇಳಿಟ್ಟರೋ, ಹೇಳಿದ ಜಾಗದಲ್ಲಿ ಗಂಟೆಗಟ್ಟಲೆ ಮೊದಲೇ ಬಂದು ಕೂರುವವರು.

ಸುಭದ್ರಾ ಮನೆಗೆ ಬಂದವಳೇ ಸ್ಟೂಲ್ ಹಾಕಿಕೊಂಡು ಕಪಾಟಿನ ಮೇಲೆ ನೋಡಿದಳು. ಬ್ಯಾಗ್ ಅಲ್ಲೇ ಇತ್ತು, ಧೂಳು ಹಿಡಿದು. ಜಿಪ್ ಎಂದೋ ಆ ಸಿಕ್ಕುವ ಹಲ್ಲಿನಲ್ಲೇ ಕಿತ್ತುಹೋಗಿ, ಅಪ್ಪನೇ ಸುತ್ತಿದ ಸೆಣಬಿನ ದಾರ ಹಾಗೇ ಇತ್ತು. ಅದರಿಂದ ಸದ್ದು ಬರುವುದು ಸಾಧ್ಯವೇ ಇರಲಿಲ್ಲ.

ಮೊದಲು ಅವಳ ಸಂಶಯ ಗಲ್ಲಿಯ ಪಡ್ಡೆಗಳ ಮೇಲೆ. ಆಮೇಲೆ, ನಾಚಿಕೆಯಿಲ್ಲದೆ ಹೇಳಿದಳು, ನನ್ನ ಮೇಲೆ! ಮರುದಿನವೂ ಜರ್ರ್... ಟಕ್. ಅದರ ಮರುದಿನವೂ. ಮಳೆಯ ಸುಳಿವಿಲ್ಲದ ಮೇ ತಿಂಗಳು, ಎಲೆ ಅಲ್ಲಾಡುತ್ತಿರಲಿಲ್ಲ. ಕೊನೆಗೆ ಗಂಗಾವತಿಯಲ್ಲಿದ್ದ ಅಪ್ಪನ ತಂಗಿ ಕುಮುದಾ ಅತ್ತೆಗೆ ಸುಭದ್ರಾ ಫೋನ್ ಮಾಡಿದಳು.

"ಅತ್ತಿ, ಸುಭದ್ರಾ ಮಾತಾಡಾಕತ್ತೀನಿ."

"ಇಷ್ಟೊತ್ತಿನಾಗ ಯಾಕವ್ವಾ?"

"ನಗಬ್ಯಾಡ... ಅಪ್ಪ ಆಲದ ಗಿಡದ ಕೆಳಗ ಅದಾನ ಅನಸಾಕತ್ತೈತಿ."

ಅತ್ತೆ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು ಸುಭದ್ರಾಗೆ.

"ಬ್ಯಾಗ್ ಸಪ್ಪಳೇನು?" ಅಂದಳು ಅತ್ತೆ, ಪಿಸುದನಿಯಲ್ಲಿ.

"ಹೂಂ."

"ನಿಮ್ಮಣ್ಣ ಹೇಳಿ ಕರಕೊಂಡು ಹೋಗ್ಯಾನಿಲ್ಲೋ?"

"ಹೇಳೀನಿ ಅಂದಾನಲ್ಲ."

"ಏನಂತ ಹೇಳ್ಯಾನ? ಅದನ್ನ ಕೇಳು ಮೊದಲು."

ಅವರ ಮನೆತನದಲ್ಲಿ ಒಂದು ಪದ್ಧತಿ. ಅಸ್ಥಿ ಒಯ್ಯುವವರು ಹಿಂದಿನ ಸಂಜೆಯೇ ಹೋಗಿ ಸತ್ತವರಿಗೆ ಬಾಯಿಬಿಟ್ಟು ಹೇಳಬೇಕು: ಇಂಥಾ ಕಡೆಯಿಂದ, ಇಂಥಾದ್ದರಲ್ಲಿ ಹೋಗುತ್ತೇವೆ, ಬಾ. ಹತ್ತುವಾಗ ಹತ್ತು ಅನ್ನಬೇಕು. ಇಳಿಯುವಾಗ ಇಳಿ ಅನ್ನಬೇಕು. ಹೊಳೆ ದಾಟುವಾಗ ಹೊಳೆ ಬಂತು ಅನ್ನಬೇಕು. ಇಲ್ಲದಿದ್ದರೆ ಬರೀ ಬೂದಿ ಹೋಗುತ್ತದೆ, ಮನುಷ್ಯ ಇಲ್ಲೇ ಉಳಿಯುತ್ತಾನೆ.

ಭಾನುವಾರ ಸುಭದ್ರಾ ಅಣ್ಣನ ಮನೆಗೆ ಹೋದಳು. ಚಹಾ ಕುಡಿಯುತ್ತಾ, ಏನೂ ಗೊತ್ತಿಲ್ಲದವಳ ಹಾಗೆ ಕೇಳಿದಳು.

"ಅಣ್ಣಾ, ಅವತ್ತು ಗೋಕರ್ಣಕ್ಕ ರೈಲಿನಾಗ ಸೀಟ್ ಸಿಕ್ಕಿತ್ತೇನು ಸರಿಯಾಗಿ?"

"ನಾ ಅಪ್ಪಗ ಹೇಳೀನಿ! ಎಲ್ಲಾ ಹೇಳೀನಿ!" ಅಂದ ಅರವಿಂದ್.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವಳು ಲೋಟ ಕೆಳಗಿಟ್ಟಳು.

"ನಾ ಅದನ್ನ ಕೇಳಲಿಲ್ಲಲ್ಲ, ಅಣ್ಣಾ."

ಅವನು ಮೊಬೈಲ್ ತಿರುವಿದ. ಫ್ಯಾನ್ ಕಡೆ ನೋಡಿದ. ಆಮೇಲೆ ಬಾಯಿಬಿಟ್ಟ. ಸಂಜೆ ಮರದ ಕೆಳಗೆ ನಿಂತು, ನಾಳೆ ಮುಂಜಾನೆ ಸಿಕಂದರಾಬಾದಿನಿಂದ ರೈಲು ಅಂತ ಹೇಳಿದ್ದು ನಿಜ. ಆದರೆ ರಾತ್ರಿ ಟಿಕೆಟ್ ಖಾತ್ರಿಯಾಗಲಿಲ್ಲ, ವೇಟಿಂಗ್‌ನಲ್ಲೇ ಉಳಿಯಿತು. ಮರುದಿನ ಮಡಕೆ ಬಿಚ್ಚಿಕೊಂಡು, ಅಮೀರ್‌ಪೇಟ್‌ನಲ್ಲಿ ಸ್ಲೀಪರ್ ಬಸ್ ಹತ್ತಿದ.

"ಬಸ್ಸಂತ ಮತ್ತ ಹೇಳಿದಿಯೇನು?"

ಅವನು ಇಲ್ಲ ಅಂತ ತಲೆಯಾಡಿಸಿದ.

"ಹತ್ತುವಾಗರ ಕರದಿಯೇನು?"

"ಅಷ್ಟು ಮಂದಿ ಮುಂದ ಹೆಂಗ ಕರೀಲಿ, ಸುಭಿ? ಹುಚ್ಚ ಅಂತಾರ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಅದಕ್ಕಿಂತ ಹೆಚ್ಚು ಸಂಕಟವಾಯಿತು. ಅಪ್ಪ ಒಂದು ತಿಂಗಳಿಂದ ಸಿಕಂದರಾಬಾದಿನ ರೈಲು ಅಂತ ನಂಬಿಕೊಂಡು, ಬ್ಯಾಗ್ ತೊಡೆಯ ಮೇಲಿಟ್ಟುಕೊಂಡು, ಕರೆಯುವವರಿಲ್ಲದೆ ಕೂತಿದ್ದಾನೆ. ಬದುಕಿದ್ದಾಗ ತಾನೇ ತೀರ್ಮಾನ ಮಾಡಲಿಲ್ಲ. ಸತ್ತ ಮೇಲೆ ತೀರ್ಮಾನವಾದರೆ, ಮಕ್ಕಳು ಬಿಟ್ಟುಹೋದರು. ಮೆಟ್ರೋದಲ್ಲಿ ನಿಂತೇ ಅತ್ತಳಂತೆ.

ಅತ್ತೆ ದಾರಿ ಹೇಳಿದಳು. "ಮಡಕಿ ಇಲ್ಲದಿದ್ದರ ಏನಾತು? ಅವನ ಟವೆಲ್‌ನಾಗ ಒಂದು ತೆಂಗಿನಕಾಯಿ ಕಟಗೊಂಡು ಕರಿ. ಅವಗೂ ಒಂದು ಸೀಟ್ ತಗಸು. ಹೇಳಿದ ರೈಲಿನಾಗ ಹೋಗು, ಬ್ಯಾರೆ ಯಾವುದೂ ಬ್ಯಾಡ. ಸಮುದ್ರಕ್ಕ ಬಿಟ್ಟ ಮ್ಯಾಲೆ ತಿರುಗಿ ನೋಡಬ್ಯಾಡ. ಮತ್ತ, ಸುಭದ್ರಾ... ಬರುವಾಗ ಕರೀಬ್ಯಾಡ."

ಟಿಕೆಟ್ ಸಿಕ್ಕಿದ ಮೇಲೆ, ಹೊರಡುವ ಹಿಂದಿನ ರಾತ್ರಿ, ಸುಭದ್ರಾ ಆಲದ ಕೆಳಗೆ ಹೋಗಿ ನಿಂತಳು.

ಜರ್ರ್... ಕಾಗದದ ಸರಸರ...

"ಅಪ್ಪಾ," ಅಂದಳು. "ನಾಳೆ ಮುಂಜಾನೆ. ಸಿಕಂದರಾಬಾದಿನಿಂದ. ರೈಲು. ಈ ಸಲ ನಾ ಕರಕೊಂಡು ಹೋಗತೀನಿ."

ಸರಸರ ನಿಂತಿತು.

ಜರ್ರ್... ಟಕ್... ರ್ರ್.

ಎಷ್ಟು ಹೊತ್ತು ನಿಂತರೂ ಮತ್ತೆ ತೆಗೆದ ಸದ್ದಾಗಲಿಲ್ಲ.

ರೈಲಿನಲ್ಲಿ ಅಪ್ಪನಿಗೆಂದು ತೆಗೆಸಿದ ಎದುರಿನ ಸೀಟು ಖಾಲಿ. ಕಾಯಿಯ ಗಂಟನ್ನು ಅಲ್ಲಿಟ್ಟಳು. ಟಿಕೆಟ್ ನೋಡುವವನು ಬಂದು, ಇನ್ನೊಬ್ಬರು ಎಲ್ಲಿ ಅಂತ ಹಿಂದಿಯಲ್ಲಿ ಕೇಳಿದ. ಅವಳು ಉತ್ತರಕ್ಕೆ ತಡವರಿಸುವಷ್ಟರಲ್ಲಿ ಅವನೇ ಆ ಸೀಟಿನ ಕಡೆ ನೋಡಿ, "ಹಾಂ, ಠೀಕ್ ಹೈ," ಅಂದು ಗುರುತು ಹಾಕಿಕೊಂಡು ಮುಂದೆ ಹೋದ. ಅವನು ಏನು ನೋಡಿದ? ಕೇಳಲು ಅವಳಿಗೆ ಧೈರ್ಯ ಸಾಲಲಿಲ್ಲ. ತುಂಗಭದ್ರೆ ಬಂದಾಗ, "ಹೊಳಿ ಬಂತು, ಅಪ್ಪಾ," ಅಂದಳು. ಪಕ್ಕದ ಹೆಂಗಸು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಮಡಗಾಂವದಲ್ಲಿ, "ಇಳಿ." ಇನ್ನೊಂದು ರೈಲಿಗೆ, "ಹತ್ತು." ಗೋಕರ್ಣದ ಸ್ಟೇಷನ್ನಿನಲ್ಲಿ, "ಇಳಿ." ಆಟೋಕ್ಕೆ, "ಹತ್ತು, ಅಪ್ಪಾ, ತಲಿ ನೋಡಿಕೋ." ಮೊದಮೊದಲು ನಾಚಿಕೆ. ಆಮೇಲೆ ಅದು ಉಸಿರಾಡಿದಷ್ಟು ಸಲೀಸಾಯಿತು. ಅಪ್ಪನ ಜೊತೆ ಅಷ್ಟು ದೂರ ಅವಳು ಎಂದೂ ಹೋಗಿರಲಿಲ್ಲ.

ಸಮುದ್ರದ ಮುಂದೆ ನಿಂತಾಗ ಬೆಳಕು ಹರಿದು ಸ್ವಲ್ಪ ಹೊತ್ತಾಗಿತ್ತು. "ನೋಡು, ಅಪ್ಪಾ," ಅಂದಳು. ಬೇಕಾದಷ್ಟು ಹೊತ್ತು ನೋಡಲಿ ಅಂತ ಸುಮ್ಮನೆ ನಿಂತಳು. ಆಮೇಲೆ ಸೊಂಟದ ತನಕ ನೀರಿಗಿಳಿದು ಕಾಯಿ ಬಿಟ್ಟಳು. ಬೇರೆಯವರು ಬಿಟ್ಟ ಕಾಯಿಗಳೆಲ್ಲ ಅಲೆಯ ಜೊತೆ ದಡಕ್ಕೆ ವಾಪಸು ಬರುತ್ತಿದ್ದವು. ಇದು ಬರಲಿಲ್ಲ. ತಿರುಗಿ ನೋಡದೆ ಬಂದಳು. ಎದೆ ಹಗುರಾಗಿತ್ತು, ಹಸಿವಾಯಿತು, ಹೊಟ್ಟೆ ತುಂಬಾ ಉಂಡಳು.

ಇಲ್ಲಿಗೆ ಮುಗಿಯಬೇಕಿತ್ತು...

ವಾಪಸು ಬರುವಾಗ ಮಡಗಾಂವದಲ್ಲಿ ಜನವೋ ಜನ. ರೈಲು ಬಂತು, ನೂಕುನುಗ್ಗಲು. ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಕಂಬಿ ಹಿಡಿದು, ಹಿಂದಕ್ಕೆ ತಿರುಗಿ ಅಂದೇಬಿಟ್ಟಳು.

"ಹತ್ತು, ಅಪ್ಪಾ!"

ಎರಡು ದಿನದ ರೂಢಿ. ಬಾಯಿಂದ ಜಾರಿ ಹೋಯಿತು. ನಾಲಗೆ ಕಚ್ಚಿಕೊಂಡಳು, ಏನು ಬಂತು? ಹಿಂದಿದ್ದ ಯಾರೋ ಅವಳನ್ನು ಒಳಕ್ಕೆ ತಳ್ಳಿದರು. ರೈಲು ಹೊರಟಿತು.

ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ. ಎದುರಿನ ಸೀಟಿನಲ್ಲಿ ಯಾರೋ ಹುಬ್ಬಳ್ಳಿಯವರು ಗೊರಕೆ ಹೊಡೆಯುತ್ತಿದ್ದರು. ಬಾಗಿಲ ಕಡೆಯಿಂದ ಆಗಾಗ ಒಂದು ಸದ್ದು. ಜಿಪ್ ಅಲ್ಲ. ತಟ್... ತಟ್... ನೀರು ತೊಟ್ಟಿಕ್ಕುವ ಸದ್ದು. ಕೈತೊಳೆಯುವ ನಲ್ಲಿ ಇರಬೇಕು ಅಂದುಕೊಂಡಳು. ಎದ್ದು ಹೋಗಿ ನೋಡಲಿಲ್ಲ.

ಸಿಕಂದರಾಬಾದ್ ಬಂತು. ಜನ ಇಳಿದರು. ಅವಳು ಬಾಗಿಲಲ್ಲೇ ನಿಂತಳು. ಬರೀ ಭ್ರಮೆ ಅಂತ ಒಂದು ಮನಸ್ಸು. ಇನ್ನೊಂದು ಮನಸ್ಸಿಗೆ ಸಂಶಯ. ಇಳಿ ಅಂದರೆ ಮನೆಗೆ ಬರುತ್ತಾನೆ. ಅನ್ನದಿದ್ದರೆ? ಹೇಳದೆ ಅಪ್ಪ ಇಳಿಯುವವನಲ್ಲ. ಈ ರೈಲಿನಲ್ಲೇ ಅಲ್ಲಿಗೂ ಇಲ್ಲಿಗೂ, ಇಲ್ಲಿಗೂ ಅಲ್ಲಿಗೂ... ಅಣ್ಣ ಒಮ್ಮೆ ಬಿಟ್ಟುಹೋಗಿದ್ದ. ತಾನೂ ಬಿಟ್ಟುಹೋಗಲೇ?

"ಇಳಿ, ಅಪ್ಪಾ," ಅಂದಳು, ತನಗೇ ಕೇಳಿಸದ ಹಾಗೆ.

ಆ ರಾತ್ರಿ ಆಲದ ಕೆಳಗೆ ಬೇಕೆಂದೇ ನಿಧಾನ ನಡೆದಳು. ಏನೂ ಇಲ್ಲ. ಜಿಪ್ ಇಲ್ಲ, ಕಾಗದ ಇಲ್ಲ. ಮನೆಗೆ ಬಂದು ಅತ್ತೆಗೆ ಫೋನ್ ಮಾಡಿ, ಎಲ್ಲಾ ಸರಿಯಾಯಿತು ಅಂದಳು. "ಬರುವಾಗ ಕರೀಲಿಲ್ಲಲ್ಲ?" ಅಂತ ಅತ್ತೆ ಕೇಳಿದ್ದಕ್ಕೆ, ಇಲ್ಲ ಅಂದಳಂತೆ.

ಬೆಳಗ್ಗೆ ನಮ್ಮ ಬಾಗಿಲು ಬಡಿದವಳು ಅವಳೇ. ನನ್ನನ್ನು ಕೈಹಿಡಿದು ಮರದ ಹತ್ತಿರ ಕರೆದೊಯ್ದಳು. ಹಗ್ಗ ತೋರಿಸಿದಳು. ಒಣಗಿ ಕಟ್ಟಿಗೆಯಾಗಬೇಕಿದ್ದ ಹಗ್ಗ, ನೀರಿನಿಂದ ತೆಗೆದ ಹಾಗೆ ಹಸಿ. ಮುಟ್ಟಿದೆ. ಬೆರಳಿಗೆ ನಾಲ್ಕು ಕಾಳು ಮರಳು ಅಂಟಿತು. ಅವಳು ನಾಲಗೆಗೆ ಹಚ್ಚಿ ನೋಡು ಅಂದಳು. ನೋಡಿದೆ.

ಉಪ್ಪು.

"ಅಪ್ಪ ಸಮುದ್ರ ನೋಡ್ಯಾನ," ಅಂದಳು ಸುಭದ್ರಾ. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ತಿಳಿಯಲಿಲ್ಲ.

ನೀವು ನಂಬದಿದ್ದರೆ ಬೇಡ. ನಾನು ಸುಳ್ಳು ಹೇಳಿ ಗಳಿಸುವುದೇನಿದೆ? ಇದು ನಡೆದದ್ದು, ನನ್ನ ನಾಲಗೆಯೇ ಸಾಕ್ಷಿ. ನಾಳೆ ಬೆಳಗ್ಗೆ ಆ ದಾರಿಯಲ್ಲೇ ಹೋಗಿ ನೋಡಿ. ಹಗ್ಗ ಇನ್ನೂ ಅಲ್ಲೇ ಇದೆ. ಇಸ್ತ್ರಿಯವನು ಮಾತ್ರ ಬಂಡಿಯನ್ನು ಆಚೆ ಬದಿಗೆ ನಿಲ್ಲಿಸುತ್ತಾನೆ. ಯಾಕಪ್ಪಾ ಅಂತ ಕೇಳಿದರೆ, ಮೇಲಿಂದ ನೀರು ತೊಟ್ಟಿಕ್ಕಿ ಬಟ್ಟೆಗೆ ಉಪ್ಪಿನ ಕಲೆ ಬೀಳುತ್ತದೆ ಅನ್ನುತ್ತಾನೆ.