ಹಿಂದಿನ ಸೀಟಿನ ನಿದ್ದೆ

ಸಭೆಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಪರೀಕ್ಷಾ ಕೋಣೆಯ ಎಂಜಿನ್ನುಗಳನ್ನು ಆರಿಸಿ ಬಂದಿರುವ ಸಹೋದ್ಯೋಗಿಗಳೇ, ಊಟಕ್ಕೆ ಮುಂಚೆ ನನ್ನ ಮಾತನ್ನೂ ಸಹಿಸಬೇಕಾದ ಸಭಿಕರೇ,

ನಾನು ಕಾರುಗಳಿಗೆ ಬುದ್ಧಿ ಕೊಟ್ಟವಳೆಂದು ಸ್ವಾಗತ ಭಾಷಣದಲ್ಲಿ ಹೊಗಳಿದರು. ನಿವೃತ್ತಿಯ ದಿನ ಯಾರನ್ನು ಹೊಗಳುವುದಿಲ್ಲ ಹೇಳಿ? ಕೊಡುವಷ್ಟು ಬುದ್ಧಿ ನನ್ನಲ್ಲೇ ಇರಲಿಲ್ಲ. ಪೆಟ್ರೋಲ್ ಎಂಜಿನ್ನಿನ ಪಕ್ಕದಲ್ಲಿ ಅಂಗೈಯಗಲದ ಒಂದು ಪೆಟ್ಟಿಗೆ ಇರುತ್ತದೆ. ಒಳಗೆ ಬರುವ ಗಾಳಿಯನ್ನು ಅಳೆದು, ಎಷ್ಟು ಪೆಟ್ರೋಲ್ ಚಿಮ್ಮಬೇಕು, ಕಿಡಿ ಯಾವಾಗ ಹಾರಬೇಕು ಎಂದು ಅದು ತೀರ್ಮಾನಿಸುತ್ತದೆ. ಕಿಡಿ ಬೇಗ ಹಾರಿದರೆ ಎಂಜಿನ್ ಬಡಿದುಕೊಳ್ಳುತ್ತದೆ, ತಡವಾದರೆ ಸೋಮಾರಿಯಾಗುತ್ತದೆ. ಆ ಪೆಟ್ಟಿಗೆಗೆ ಹೊತ್ತುಗೊತ್ತು ಕಲಿಸುವುದೇ ನನ್ನ ಕೆಲಸವಾಗಿತ್ತು.

ನಮ್ಮ ವಿಭಾಗದಲ್ಲಿ ಒಂದು ರೂಢಿಯಿದೆ. ಉಪಕರಣಗಳೆಲ್ಲ ಸೈ ಎಂದ ಮೇಲೂ, ಮನೆಯವರೊಬ್ಬರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಒಂದು ಸುತ್ತು ಹೋಗಿಬರಬೇಕು. ಅವರಿಗೆ ಎಚ್ಚರವಾದರೆ ಕೆಲಸ ಮುಗಿದಿಲ್ಲವೆಂದೇ ಅರ್ಥ. ಬೇರೆಯವರು ಮಕ್ಕಳನ್ನು ಕರೆತರುತ್ತಿದ್ದರು. ನಾನು ಅಮ್ಮನನ್ನು ಕರೆತಂದೆ.

ಅಪ್ಪ ಹೋದಮೇಲೆ ಅಮ್ಮ ನಿದ್ದೆಗೆಟ್ಟಿದ್ದಳು. ಮಾತ್ರೆ ನುಂಗಿಯೂ ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಿದ್ದಳು. ಕೇಳಿದರೆ ವಯಸ್ಸಾಯಿತಲ್ಲ ಎಂದು ಮಾತು ಹಾರಿಸುತ್ತಿದ್ದಳು. ಹೀಗೇ ಕರಗಿಹೋಗಿಬಿಟ್ಟರೆ ಎಂದು ನನಗೆ ಒಳಗೊಳಗೇ ಭಯ. ಅಂಥವಳು ನನ್ನ ಕಾರಿನಲ್ಲಿ ಗೇಟು ದಾಟುವ ಮೊದಲೇ ಗೊರಕೆ ಹೊಡೆದಳು. ಚಪ್ಪಲಿ ಜಾರಿತ್ತು, ಬಾಯಿ ಅರೆತೆರೆದಿತ್ತು, ಮರಗಳ ನೆರಳು ಒಂದಾದ ಮೇಲೊಂದು ಅವಳ ಮುಖದ ಮೇಲೆ ಹಾದುಹೋಗುತ್ತಿತ್ತು. ಕನ್ನಡಿಯಲ್ಲಿ ಅವಳನ್ನೇ ನೋಡುತ್ತಾ, ತಿರುಗಬೇಕಾದ ತಿರುವನ್ನೇ ಮರೆತು ಎಷ್ಟೋ ದೂರ ಹೋಗಿಬಿಟ್ಟೆ.

ಆದರೆ ಕಾರು ನಿಂತಾಗಲೆಲ್ಲ ಎಂಜಿನ್ ನಡುಗುತ್ತಿತ್ತು. ಬೇರೆಯವರು ಕರೆತಂದ ಮಕ್ಕಳೆಲ್ಲ ಅದರಲ್ಲಿ ಮಲಗಲಾರದೆ ಬೈದುಕೊಂಡು ಇಳಿದರು. ಕಿಡಿಯ ಹೊತ್ತನ್ನು ತಿದ್ದಿ ತೀಡಿ ನಡುಕವನ್ನು ಪೂರ್ತಿ ಅಳಿಸಿದೆ. ಮತ್ತೆ ಅಮ್ಮನನ್ನು ಮಲಗಿಸಿಕೊಂಡು ಹೊರಟೆ. ಕೆಂಪು ದೀಪಕ್ಕೆ ನಿಲ್ಲಿಸಿದ್ದೇ ತಡ, ಅವಳು ಧಡಕ್ಕನೆ ಎದ್ದು ಕೂತಳು.

"ಯಾಕೆ, ನಿಂತ್ಹೋಯ್ತಾ?"

"ಇಲ್ಲಮ್ಮ, ಓಡ್ತಾನೇ ಇದೆ. ಅಷ್ಟು ನಯ."

"ನಂಗೆ ಬೇಡ ಕಣೇ ಈ ನಯ. ನಿಮ್ಮಪ್ಪ ಹೋದಾಗ್ಲೂ ಹೀಗೇ ಇತ್ತು. ಪಕ್ಕದಲ್ಲೇ ಮಲಗಿದ್ದೆ, ಗೊತ್ತೇ ಆಗ್ಲಿಲ್ಲ."

ದೀಪ ಹಸಿರಾಯಿತು, ಹಿಂದಿನವರು ಹಾರ್ನ್ ಹೊಡೆದರು. ನಾನು ಕಾರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದೆ. ಇಲ್ಲಿ ಕೂತಿರುವ ತಜ್ಞರೇ, ಇದನ್ನು ನಮ್ಮ ಯಾವ ಸೆನ್ಸರ್ ಅಳೆಯುತ್ತದೆ?

ಮರುದಿನ ಆ ನಡುಕವನ್ನು ಕೂದಲೆಳೆಯಷ್ಟು ಮರಳಿಸಿದೆ. ಮಕ್ಕಳೂ ಮಲಗಿದರು, ಅಮ್ಮನೂ ಮಲಗಿದಳು. ಯಾಕೆ ಹೀಗೆ ಮಾಡಿದಿರಿ ಎಂದು ಮೇಲಧಿಕಾರಿ ಕೇಳಿದಾಗ ಇದ್ದದ್ದನ್ನು ಇದ್ದಹಾಗೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಹಾಗೇ ಇರಲಿ ಬಿಡಿ ಎಂದರು.

ಅಮ್ಮ ಈಗಿಲ್ಲ. ಆ ಕಾರುಗಳು ಇನ್ನೂ ರಸ್ತೆಯಲ್ಲಿವೆ. ಎಲ್ಲಾದರೂ ಸಿಗ್ನಲ್ಲಿನಲ್ಲಿ ನಿಂತಾಗ ನಿಮ್ಮ ಬೆನ್ನಿಗೆ ಸಣ್ಣಗೆ ನಡುಕ ತಾಗಿದರೆ ದಯವಿಟ್ಟು ಗ್ಯಾರೇಜಿಗೆ ಒಯ್ಯಬೇಡಿ. ಹಿಂದೆ ಮಲಗಿದವರಿಗೆ ಅದು, ಇದ್ದೇನೆ, ನೀವು ಮಲಗಿ ಎಂದು ಹೇಳುತ್ತಿರುತ್ತದೆ.

ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.