ಇಪ್ಪತ್ತೇಳನೇ ನಂಬರಿನ ಬಿಳಿ ಮುಚ್ಚಳ

ಸಭೆಯಲ್ಲಿ ಸೇರಿರುವ ಹಿರಿಯರೇ, ಆಸ್ಪತ್ರೆಯ ಮತ್ತು ಲ್ಯಾಬಿನ ಗೆಳೆಯರೇ — ಮುಂದಿನ ಸಾಲಿನಲ್ಲಿ ಕುಳಿತಿರುವ ದೊಡ್ಡಕ್ಕನ ಯಜಮಾನರೇ, ಮಗಳೇ — ಎಲ್ಲರಿಗೂ ನಮಸ್ಕಾರ.

ಹದಿನಾರು ವರ್ಷ ನಮ್ಮಲ್ಲಿ ಟೆಕ್ನಿಷಿಯನ್ ಆಗಿದ್ದ ದೊಡ್ಡಕ್ಕ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಆದರೂ ನನಗೂ ದೊಡ್ಡಕ್ಕನೇ — ಬೈಯುವುದರಲ್ಲಿ ದೊಡ್ಡವರು!

ಗರ್ಭಕೋಶದಲ್ಲಿ ಗಡ್ಡೆ ಯಾಕೆ ಬೆಳೆಯುತ್ತದೆ, ಜೀವಕೋಶದೊಳಗೆ ಮೊದಲು ಕೆಡುವುದೇನು — ಇದು ನಮ್ಮ ಲ್ಯಾಬಿನ ಪ್ರಶ್ನೆ. ಆಪರೇಷನ್ ಮುಗಿದ ಕೂಡಲೇ ದೊಡ್ಡಕ್ಕ ಐಸ್ ಡಬ್ಬಿ ಅವುಚಿಕೊಂಡು ಮೆಟ್ಟಿಲಿಳಿದು ಓಡಿ ಬರುತ್ತಿದ್ದರು. ಒಬ್ಬೊಬ್ಬ ತಾಯಿಯಿಂದ ಎರಡು ಚೂರು. ಗಡ್ಡೆಯದ್ದು ಕೆಂಪು ಮುಚ್ಚಳದ ಟ್ಯೂಬಿಗೆ, ಪಕ್ಕದ ಆರೋಗ್ಯವಾದ ಭಾಗದ್ದು ಬಿಳಿ ಮುಚ್ಚಳದ್ದಕ್ಕೆ. ಎರಡನ್ನೂ ಹೋಲಿಸಿದರೆ ತಾನೆ ಗಡ್ಡೆಯಲ್ಲಿ ಏನು ಕೆಟ್ಟಿದೆ ಎಂದು ತಿಳಿಯುವುದು?

ನಾಲ್ಕು ವರ್ಷದ ಹಿಂದೆ ಇಪ್ಪತ್ತೇಳನೇ ನಂಬರಿನ ತಾಯಿಯ ಫಲಿತಾಂಶ ಉಲ್ಟಾ ಬಂತು. ನಾವು ಹುಡುಕುತ್ತಿದ್ದ ದೋಷ ಗಡ್ಡೆಯಲ್ಲಿಲ್ಲ — ಬಿಳಿ ಮುಚ್ಚಳದಲ್ಲಿದೆ! ಹೋಗಿ ಕೇಳಿದೆ, "ದೊಡ್ಡಕ್ಕ, ಟ್ಯೂಬ್ ಅದಲುಬದಲು ಮಾಡಿದ್ರಾ?"

"ಇಲ್ಲ ಸರ್. ಮಾಡಿದ್ರೆ ಮಾಡ್ದೆ ಅಂತಿದ್ದೆ. ನಿಮಗೇನು ಹೆದರ್ತೀನಾ?"

ನಗಿ, ಪರವಾಗಿಲ್ಲ. ಆಗ ನಾನೂ ನಕ್ಕೆ. ನಕ್ಕು, ನಂಬದೆ ಹೋದೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ — ಹೊರಗಿನ ತಜ್ಞರು ಹೇಳಿದ್ದರೆ ನಂಬುತ್ತಿದ್ದೆ. ರಿಜಿಸ್ಟರಿನಲ್ಲಿ ಬರೆದೆ — "ಟೆಕ್ನಿಷಿಯನ್ ತಪ್ಪು." ಅಂದಿನಿಂದ ದೊಡ್ಡಕ್ಕ ಪ್ರತಿ ಟ್ಯೂಬನ್ನೂ — ಹೀಗೆ — ಎತ್ತಿ ಹಿಡಿದು, ತಮಗಿಂತ ಕಿರಿಯರಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಬೇಕಾಯಿತು. ನಾಲ್ಕು ವರ್ಷ! ಒಂದು ದಿನವೂ ಗೊಣಗಲಿಲ್ಲ. ನನ್ನನ್ನು ಬೈಯುವುದನ್ನು ಮಾತ್ರ ಬಿಟ್ಟುಬಿಟ್ಟರು.

ಹೋದ ತಿಂಗಳು ಪೆಥಾಲಜಿ ಡಾಕ್ಟರು ಫ್ರೀಜರಿನಲ್ಲಿ ಉಳಿದಿದ್ದ ಆ ಚೂರುಗಳನ್ನು ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಕೆಂಪು ಮುಚ್ಚಳದಲ್ಲಿ ಗಡ್ಡೆಯೇ ಇತ್ತು. ಬಿಳಿಯದರಲ್ಲಿ ಆರೋಗ್ಯವಾದ ಭಾಗವೇ ಇತ್ತು — ಆದರೆ ಅದರೊಳಗೆ, ಬರಿಗಣ್ಣಿಗೆ ಕಾಣದಷ್ಟು ಸಣ್ಣದು, ಆಗಷ್ಟೇ ಮೊಳೆತ ಇನ್ನೊಂದು ಗಡ್ಡೆ! ದೋಷ ಅದರದ್ದು. ದೊಡ್ಡ ಗಡ್ಡೆಗೆ ಬೇರೆಯೇ ಕಾರಣ. ಒಂದೇ ಗರ್ಭಕೋಶದಲ್ಲಿ ಎರಡು ಗಡ್ಡೆ, ಎರಡಕ್ಕೂ ಬೇರೆ ಬೇರೆ ಮೂಲ. ನಾವು ಹುಡುಕುತ್ತಿದ್ದ ಸುಳಿವು ನಾನು ಪಕ್ಕಕ್ಕೆ ತಳ್ಳಿದ ಟ್ಯೂಬಿನಲ್ಲೇ ಕೂತಿತ್ತು. ದೊಡ್ಡಕ್ಕ ಸರಿಯಾಗೇ ಹಾಕಿದ್ದರು.

ಅಷ್ಟು ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು. ಹೇಳಲೆಂದೇ ಮನೆಗೆ ಹೋದೆ. ಮಗಳೇ, ನೀನೇ ಕುರ್ಚಿ ಹಾಕಿದೆಯಲ್ಲಮ್ಮ. ಬಿಸಿಲಿನ ಬಗ್ಗೆ ಮಾತಾಡಿದೆ. ಆಸ್ಪತ್ರೆ ಲಿಫ್ಟ್ ಕೆಟ್ಟಿದ್ದರ ಬಗ್ಗೆ ಮಾತಾಡಿದೆ. ಕೊನೆಗೆ ಅವರೇ ಕೇಳಿದರು — "ಏನೋ ಹೇಳೋಕೆ ಬಂದ ಹಾಗಿದೆ, ಸರ್?"

"ಏನಿಲ್ಲ ದೊಡ್ಡಕ್ಕ, ಸುಮ್ಮನೆ ನೋಡ್ಕೊಂಡು ಹೋಗೋಣ ಅಂತ."

ಹುಷಾರಾಗಿ ಬರಲಿ, ಲ್ಯಾಬಿನಲ್ಲಿ ಎಲ್ಲರೆದುರು ಹೇಳೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ನಾಚಿಕೆಯಾಗಿತ್ತು, ಅಷ್ಟೆ. ನಾಳೆ, ನಾಡಿದ್ದು ಎಂದು ಮೂರು ವಾರ ತಳ್ಳಿದೆ. ಅವರು ಹೋಗಿಬಿಟ್ಟರು.

ಇವತ್ತು ಬೆಳಿಗ್ಗೆ ರಿಜಿಸ್ಟರಿನ ಆ ಸಾಲನ್ನು ಹೊಡೆದುಹಾಕಿ "ತಪ್ಪು ನನ್ನದು" ಎಂದು ಬರೆದು ಸಹಿ ಮಾಡಿದ್ದೇನೆ. ಯಜಮಾನರೇ, ಮಗಳೇ — ನಿಮ್ಮ ಹತ್ತಿರ ಕ್ಷಮೆ ಕೇಳುವುದಿಲ್ಲ. ಕೇಳಬೇಕಾಗಿದ್ದುದು ಅವರ ಹತ್ತಿರ. ಆದರೆ ಇಷ್ಟು ಜನರೆದುರು ಹೇಳುತ್ತಿದ್ದೇನೆ, ಕೇಳಿಸಿಕೊಳ್ಳಿ — ದೊಡ್ಡಕ್ಕ ತಪ್ಪು ಮಾಡಿರಲಿಲ್ಲ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ದೊಡ್ಡಕ್ಕನಿಗಾಗಿ ಎರಡು ನಿಮಿಷ ಮೌನ. ಬಾಯಿ ಬಿಡಬೇಕಾದಾಗ ನಾನು ಮೂರು ವಾರ ಮೌನವಾಗಿದ್ದೆನಲ್ಲ — ಅದನ್ನು ಇದರ ಜೊತೆ ಸೇರಿಸಬೇಡಿ.