ನೋವಿಲ್ಲದ ಕಣ್ಣು

...ಇಲ್ಲ ಅಂದ್ರೆ ಇಲ್ಲ ಅಕ್ಕಾ! ಇನ್ನೆಷ್ಟು ಸಲ ಹೇಳ್ಲಿ? ಎಡಗಣ್ಣು ಸ್ವಲ್ಪ ಕೆಂಪಗಾಗಿದೆ, ಅಷ್ಟೇ. ನೋವಿಲ್ಲ, ಉರಿಯಿಲ್ಲ, ಏನೂ ಇಲ್ಲ. ಬಸ್ಸಿನ ಕೀ ಎಲ್ಲಿಟ್ಟೆ? ಸ್ಕೂಲ್ ಮಕ್ಕಳು ಕಾಯ್ತಿರ್ತಾರೆ. ಡ್ರೈವರ್ ನಾನು, ಆಯಾ ನೀನು, ಇಬ್ರೂ ಹೀಗೆ ಅಡುಗೆಮನೇಲಿ ನಿಂತ್ಕೊಂಡ್ರೆ ಬಸ್ಸು ತಾನಾಗೇ ಹೋಗುತ್ತಾ?

ಯಾಕೆ ನಗ್ತೀಯ? ಓ... ನಗ್ತಿಲ್ವಾ? ಅಳ್ತಿದ್ದೀಯಾ? ಛೆ, ಈ ಬೆಳಕಲ್ಲಿ ಗೊತ್ತಾಗ್ಲಿಲ್ಲ ಕಣೇ.

ಡಾಕ್ಟರಾ? ಹೇಳಿದ್ನಲ್ಲ! ಕಣ್ಣಿಗೆ ಔಷಧಿ ಬಿಟ್ಕೊಂಡು ಗಾಡಿ ಓಡಿಸಪ್ಪ ಅಂದ್ರು. ಹೂಂ, ಹಾಗೇ ಅಂದ್ರು! ಲೆನ್ಸಾ... ಲೆನ್ಸ್ ಹಾಕ್ಕೊಂಡೇ ಮಲಗ್ತಿದ್ದೆ, ನಿಜ. ನಲ್ಲಿ ನೀರಲ್ಲೇ ತೊಳೀತಿದ್ದೆ, ಅದೂ ನಿಜ. ದಪ್ಪ ಕನ್ನಡಕದ ಡ್ರೈವರ್‌ನ ನೋಡಿದ್ರೆ ತಾಯಂದಿರ ಎದೆ ಧಸಕ್ ಅನ್ನುತ್ತೆ ಅಂತ ಸ್ಕೂಲ್ ಮೇಡಂ ಹೇಳಿದಾಗ, ಲೆನ್ಸ್ ಹಾಕ್ಕೊಳ್ಳೋ ಅಂದೋಳು ನೀನೇ ಅಲ್ವಾ?... ಅಯ್ಯೋ, ಇಲ್ಲ, ಇಲ್ಲ! ನಿನ್ನ ಬೈತಿಲ್ಲ ಅಕ್ಕಾ.

ನನ್ನ ಸಕ್ಕರೆ ಕಾಯಿಲೆಗೂ ಕಣ್ಣಿಗೂ ಎಲ್ಲಿಯ ನಂಟು... ಸರಿ, ಇದೆಯಂತೆ. ಶುಗರ್ ಇರೋರಿಗೆ ಕಾರ್ನಿಯಾ, ಅದೇ, ಕಣ್ಣಿನ ಮುಂದಿನ ಗಾಜಿನಂಥ ಪದರ, ಅದಕ್ಕೆ ಸ್ಪರ್ಶಾನೇ ಕಮ್ಮಿ ಆಗ್ಬಿಡುತ್ತಂತೆ. ಲೆನ್ಸ್ ಉಜ್ಜಿ ಗಾಯ ಆದ್ರೂ ಗೊತ್ತಾಗಲ್ವಂತೆ. ಬೇಗ ಮಾಯೋದೂ ಇಲ್ವಂತೆ. ನಂಗೇನು ಕನಸು ಬಿದ್ದಿತ್ತಾ? ಹಲ್ಲು ನೋಯುತ್ತೆ, ಓಡ್ತೀವಿ. ಹೊಟ್ಟೆ ನೋಯುತ್ತೆ, ಓಡ್ತೀವಿ. ನೋಯದೇ ಇರೋ ಕಣ್ಣು ಹಿಡ್ಕೊಂಡು ಯಾರಕ್ಕಾ ಆಸ್ಪತ್ರೆಗೆ ಹೋಗ್ತಾರೆ!

ಹಾಗೆ ನೋಡ್ಬೇಡ. ಸ್ಟೀರಿಂಗ್ ಬಿಟ್ರೆ ನಂಗೆ ಇನ್ನೇನು ಬರುತ್ತೆ, ಹೇಳು? ಆ ಹಲ್ಲುಬಿದ್ದ ಪುಟ್ಟಿ ದಿನಾ ಹತ್ತುವಾಗ, "ಡ್ರೈವರ್ ಮಾಮಾ, ಹಾರ್ನ್ ನಾನು ಹೊಡೀತೀನಿ" ಅಂತಾಳಲ್ಲ... ಆ ಮಗುವಿಗೆ ನಾನು ಏನಾದ್ರೂ ಆಗೋಕೆ ಬಿಡ್ತೀನಾ? ಬಿಡ್ತೀನಾ ಅಕ್ಕಾ?

ಕೀ ಕೊಡು. ಕಾಲಿಗೆ ಬೀಳ್ತೀನಿ, ಕೊಡು. ಡಬ್ಬದಲ್ಲಿ ಬಚ್ಚಿಟ್ಟಿದ್ದೀಯಾ? ಬ್ಯಾಗಲ್ಲಿ?... ಅಕ್ಕಾ? ಎಲ್ಲಿಗೆ ಹೋದೆ? ಇಲ್ಲೇ ಇದ್ದೀಯ ತಾನೆ? ಬೈಯಿ, ಹೊಡಿ, ಏನಾದ್ರೂ ಮಾತಾಡು! ಹೀಗೆ ಬಾಯಿಗೆ ಬೀಗ ಹಾಕ್ಕೊಂಡ್ರೆ ನಂಗೆ ಭಯ ಆಗುತ್ತೆ. ಅಕ್ಕಾ!... ಇರು, ಎಡಗಡೆ ತಿರುಗ್ತೀನಿ...

ಅಯ್ಯೋ.

ಎಷ್ಟೊತ್ತಿಂದ ಹಿಡ್ಕೊಂಡು ನಿಂತಿದ್ದೀಯ ಅಕ್ಕಾ... ಆ ಕೀನ... ನನ್ನ ಎಡಗಣ್ಣಿನ ಮುಂದೆ?